ಗೋಡೆಗೆ ಮೊದಲ ಬೆನ್ನು

ಸೀತೂರು
19 ಜನವರಿ 2025

ತೀರ್ಥರೂಪು ಅಪ್ಪನವರಿಗೆ ಶ್ವೇತಳ ಶರಣು.

ಕಾಗದ ನೋಡಿ ಗಾಬರಿ ಬೀಳಬೇಡಿ, ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ಫೋನ್ ಮಾಡಿದರೆ ನಿಮ್ಮ ಪರವಾಗಿ ಸರ್ವಮಂಗಳಕ್ಕ ಮಾತಾಡುತ್ತಾಳೆ. ನೀವು ಚೀಟಿಯಲ್ಲಿ ಎರಡು ಮಾತು ಬರೆದು ತೋರಿಸಿದರೆ ಅವಳು ಅದಕ್ಕೆ ಇಪ್ಪತ್ತು ಸೇರಿಸಿ ನನಗೆ ಬೈಯುತ್ತಾಳೆ. ನನಗೆ ಬೇಕಾಗಿರುವುದು ನೀವು. ಗಂಟಲಿನ ಆಪರೇಷನ್‌ನಲ್ಲಿ ದನಿ ಹೋಯಿತು, ಕೈ ಹೋಗಿಲ್ಲವಲ್ಲ. ಇವರ ಬಸ್ಸು ದಿನಾ ಶಿವಮೊಗ್ಗಕ್ಕೆ ಬರುತ್ತದೆ. ಡ್ರೈವರ್ ಸೀಟಿನ ಹಿಂದೆ ಸಿಕ್ಕಿಸಿಕೊಂಡು ಬಂದು ಅಕ್ಕನ ಮನೆಗೆ ಮುಟ್ಟಿಸುತ್ತಾರೆ. ನೀವೂ ಉತ್ತರ ಬರೆದು ಅವರ ಕೈಗೇ ಕೊಡಿ.

ವಿಷಯಕ್ಕೆ ಬರುತ್ತೇನೆ. ಹೋದ ಮಳೆಗಾಲ ಅಡುಗೆಮನೆ ಹಿಂದಿನ ಎತ್ತರದ ಮಣ್ಣಿನ ಧರೆ ಕುಸಿದು, ಅದರ ಮೇಲಿದ್ದ ಅಮ್ಮನ ಹೂವಿನ ಹಿತ್ತಲು ಅರ್ಧ ಕೆಳಗೆ ಬಂತು. ಡೇರೆ ಗಿಡಗಳು ಹೂವಿನ ಸಮೇತ ಬಚ್ಚಲ ಬಾಗಿಲಿಗೆ ಬಂದು ಮಲಗಿದ್ದವು. ಉಳಿದ ಅರ್ಧ ಈ ಮಳೆಗಾಲ ತಡೆಯುವುದಿಲ್ಲ. ಬಿದ್ದರೆ ಈ ಸಲ ಅಡುಗೆಮನೆ ಗೋಡೆಯನ್ನೂ ತಳ್ಳಿಕೊಂಡೇ ಬೀಳುತ್ತದೆ.

ಕೊಪ್ಪದಿಂದ ಶೃಂಗೇರಿವರೆಗೆ ಕಂಡವರಿಗೆಲ್ಲ ಕಲ್ಲು ಗೋಡೆ ಕಟ್ಟಿಕೊಟ್ಟ ಮರುಳಸಿದ್ದಪ್ಪ ಮೇಸ್ತ್ರಿಯ ಮನೆ ಹಿಂದೆ ಮೂವತ್ತು ವರ್ಷದಿಂದ ಬರೀ ಮಣ್ಣು. ಅಮ್ಮ ಕೇಳಿದಾಗಲೆಲ್ಲ “ಈ ಒಂದು ಕೆಲಸ ಮುಗೀಲಿ ಮಾರಾಯ್ತಿ” ಅಂದಿರಿ. ಯಾವ ಕೆಲಸವೂ ಮುಗಿಯಲಿಲ್ಲ. ಈಗ ನಾನೇ ಕಟ್ಟುತ್ತೇನೆ. ಮೂವತ್ತೆರಡು ಅಡಿ ಉದ್ದ, ಐದಡಿ ಎತ್ತರ, ನೀವು ಕಟ್ಟುವ ಹಾಗೆ ಗಾರೆಯಿಲ್ಲದ ಒಣಗಲ್ಲಿನ ಗೋಡೆ. ಹೇಗೆ ಕಟ್ಟುವುದು ಅಂತ ಬರೆದು ಕಳಿಸಿ. ಹೊಲಿಗೆ ಮೆಷಿನ್ನಿನ ಮುಂದೆ ಕೂರುವವಳಿಗೆ ಇದೆಂತ ಹುಚ್ಚು ಅಂತ ಮಾತ್ರ ಬರೆಯಬೇಡಿ. ಅದನ್ನು ಇವರು ಆಗಲೇ ಹೇಳಿ ಆಗಿದೆ.

ನಿಮ್ಮ ಮಗಳು
ಶ್ವೇತ


ಶಿವಮೊಗ್ಗ
23 ಜನವರಿ 2025

ಚಿ. ಶ್ವೇತಳಿಗೆ ಆಶೀರ್ವಾದ.

ಕಾಗದ ಮುಟ್ಟಿತು. ಆಸ್ಪತ್ರೆಯಲ್ಲಿ ಗಂಟಲಿಗೆ ಕರೆಂಟು ಕೊಡುವುದು ಹತ್ತು ಸಲ ಆಗಿದೆ, ಇನ್ನೂ ಇಪ್ಪತ್ತು ಇದೆ. ಊಟ ಗಂಜಿ.

ಗೋಡೆ ಬೇಡ. ಒಂದೊಂದು ಕಲ್ಲು ಮೂವತ್ತು ಕೆ.ಜಿ. ತೂಗುತ್ತದೆ. ಬೆರಳು ಹೋದರೆ ಹೊಲಿಗೆಯೂ ಹೋಯಿತು. ಕೊಪ್ಪದ ಯೋಗೇಂದ್ರನಿಗೆ ಹೇಳಿ ಕಳಿಸು, ನನ್ನ ಕೈಕೆಳಗೆ ಕಲಿತವನು. ಅವನಿಗೆ ಆಗದಿದ್ದರೆ ನಾನು ಬರುವವರೆಗೆ ತಡಿ.

ಇತಿ
ಮರುಳಸಿದ್ದಪ್ಪ, ಮೇಸ್ತ್ರಿ

ಮಗಾ, ಕೆಳಗೆ ಜಾಗ ಇತ್ತು ಅಂತ ನಾನು ಎರಡು ಮಾತು ಬರೆಯುತ್ತಿದ್ದೇನೆ. ಕುತ್ತಿಗೆಯಲ್ಲಿ ಉಸಿರಾಡಲು ತೂತು ಮಾಡಿದ್ದಾರಲ್ಲ, ಅದಕ್ಕೆ ಥಂಡಿ ಆಗದು, ಮಳೆಗಾಲ ಮುಗಿಯುವ ತನಕ ಊರಿಗೆ ಕಳಿಸುವುದಿಲ್ಲ ಅಂದಿದ್ದಾರೆ ಡಾಕ್ಟರು. ನಿಮ್ಮಪ್ಪ ಅದನ್ನು ಬರೆದೇ ಇಲ್ಲ. ನನ್ನ ಡೇರೆ ಗೆಡ್ಡೆಗಳನ್ನು ಕಿತ್ತು ಮರಳಿನಲ್ಲಿ ಹೂತಿಡು. — ಅಮ್ಮ


ಸೀತೂರು
2 ಫೆಬ್ರವರಿ 2025

ಅಪ್ಪನವರಿಗೆ ಶರಣು.

ಯೋಗೇಂದ್ರ ಬಂದಿದ್ದ. ಬೈಕಿನಿಂದ ಇಳಿದು, ಕನ್ನಡಿ ನೋಡಿ ತಲೆ ಬಾಚಿಕೊಂಡು, ಆಮೇಲೆ ಧರೆ ನೋಡಿದ. ಈಗ ಒಣಗಲ್ಲು ಯಾರೂ ಕಟ್ಟುವುದಿಲ್ಲವಂತೆ, ಜೆಸಿಬಿ ತಂದು ಕಾಂಕ್ರೀಟ್ ಹಾಕಬೇಕಂತೆ. ಜೆಸಿಬಿ ಹಿತ್ತಲಿಗೆ ಹೋಗಲು ದಾರಿಯಿಲ್ಲ, ಅಡುಗೆಮನೆಯ ಮೂಲೆ ಒಡೆಯಬೇಕಂತೆ. ಅಡುಗೆಮನೆ ಉಳಿಸಲು ಅಡುಗೆಮನೆ ಒಡೆಯುವ ಉಪಾಯ ನನಗೆ ಹಿಡಿಸಲಿಲ್ಲ. ಅದೂ ಜೂನ್ ಮುಗಿಯುವವರೆಗೆ ಅವನಿಗೆ ಪುರುಸೊತ್ತಿಲ್ಲ. ಕಾಫಿ ಕೊಟ್ಟು ಕಳಿಸಿದೆ.

ಈಗ ಒಂದು ಮಾತು ಕೇಳುತ್ತೇನೆ. ಸಿಟ್ಟು ಬಂದರೆ ಬರಲಿ.

ನನಗಾಗ ಹನ್ನೊಂದು ವರ್ಷ. ಬೇಸಿಗೆ ರಜೆ. ಕೊಪ್ಪದಲ್ಲಿ ಒಂದು ಶಾಲೆಯ ಕಾಂಪೌಂಡು ಕಟ್ಟುತ್ತಿದ್ದಿರಿ. ನಿಮಗೆ ಬುತ್ತಿ ತಂದವಳು ನೀವೆಲ್ಲ ಟೀ ಕುಡಿದು ಬರುವಷ್ಟರಲ್ಲಿ ಮೂಲೆಯಲ್ಲಿ ಮೂರು ವರಸೆ ಕಲ್ಲು ಇಟ್ಟಿದ್ದೆ. ನೀವು ಬಂದಿರಿ, ನೋಡಿದಿರಿ, ಕಾಲಿನಲ್ಲಿ ತಳ್ಳಿದಿರಿ. ಆಳುಗಳ ಎದುರಿಗೆ ಅಂದಿರಿ: “ಹುಡುಗಿ ಕಟ್ಟಿದ ಗೋಡೆಗೆ ಯಾರು ಬೆನ್ನು ಕೊಡ್ತಾರೆ?” ಎಲ್ಲರೂ ನಕ್ಕರು. ಹದಿನಾರು ವರ್ಷದ ಯೋಗೇಂದ್ರನೂ ನಕ್ಕ.

ಆ ಮಾತಿನ ತೂಕ ನನಗೆ ಗೊತ್ತಿತ್ತು. ಗೋಡೆ ಮುಗಿದ ದಿನ ಯಜಮಾನರು ನೋಡಲು ಬರುವ ಮುಂಚೆ, ಕಟ್ಟಿದವರೇ ಮೊದಲು ಅದಕ್ಕೆ ಬೆನ್ನು ಕೊಟ್ಟು ಕೂತು, ಬೆಲ್ಲ ಕಚ್ಚಿಕೊಂಡು ಕಪ್ಪು ಕಾಫಿ ಕುಡಿಯುವುದು ನಿಮ್ಮ ರೂಢಿ. ಬೇರೆಯವರು ಕಟ್ಟಿದ ಗೋಡೆಗೆ ನೀವು ಒರಗಿದ್ದನ್ನು ನಾನು ಇವತ್ತಿನ ತನಕ ಕಂಡಿಲ್ಲ. ಬಸ್‌ಸ್ಟ್ಯಾಂಡಿನಲ್ಲೂ ಕೋಲು ನುಂಗಿದ ಹಾಗೆ ಕೂರುತ್ತೀರಿ.

ನಾನು ಪಾಯ ಅಗೆಯಲು ಶುರು ಮಾಡಿದ್ದೇನೆ. ಒಂದೂವರೆ ಅಡಿ ಇಳಿದಿದೆ. ನೀವು ಹೇಳಿಕೊಟ್ಟರೆ ಸರಿಯಾಗಿ ಕಟ್ಟುತ್ತೇನೆ, ಹೇಳಿಕೊಡದಿದ್ದರೆ ತಪ್ಪಾಗಿ ಕಟ್ಟುತ್ತೇನೆ. ಕಟ್ಟುವುದಂತೂ ಹೌದು.

ಶ್ವೇತ


ಶಿವಮೊಗ್ಗ
8 ಫೆಬ್ರವರಿ 2025

ಚಿ. ಶ್ವೇತಳಿಗೆ ಆಶೀರ್ವಾದ.

ಒಂದೂವರೆ ಅಡಿ ಅಂತ ಟೇಪು ಹಿಡಿದು ಅಗೆಯುವುದಲ್ಲ. ಹಾರೆ ಕುತ್ತಿದರೆ ಠಣ್ ಅನ್ನಬೇಕು. ಧಪ್ ಅಂದರೆ ಇನ್ನೂ ಅಗಿ.

ತಳ ಎರಡೂವರೆ ಅಡಿ ಅಗಲ ಇರಲಿ. ದೊಡ್ಡ ಕಲ್ಲೆಲ್ಲ ಕೆಳಗೆ. ಚಂದದ ಕಲ್ಲನ್ನು ಮೇಲಿಡಬೇಕು ಅಂತ ಆಸೆಯಾಗುತ್ತದೆ, ಆ ಆಸೆ ಬಿಡು. ಗೋಡೆ ನೆಟ್ಟಗೆ ನಿಲ್ಲಬಾರದು, ಮೇಲೆ ಹೋದ ಹಾಗೆ ಅಡಿಗೆ ಒಂದೂವರೆ ಇಂಚು ಧರೆಯ ಕಡೆಗೆ ವಾಲಬೇಕು. ಒಂದರ ಮೇಲೆ ಎರಡು, ಎರಡರ ಮೇಲೆ ಒಂದು. ಸಂದಿಯ ಮೇಲೆ ಸಂದಿ ಬಂತೋ, ಕಿತ್ತು ಮತ್ತೆ ಇಡು. ಮೂರಡಿಗೊಂದು ಉದ್ದಗಲ್ಲು ಹಿಂದಕ್ಕೆ ಹೋಗಿ ಧರೆಯನ್ನು ಹಿಡಿದುಕೊಳ್ಳಬೇಕು. ಅಲ್ಲಾಡುವ ಕಲ್ಲಿಗೆ ಹಿಂದಿನಿಂದ ಕಲ್ಲಿನ ಚಕ್ಕೆ ಹೊಡಿ, ಮುಂದಿನಿಂದ ಹೊಡೆದರೆ ಉದುರುತ್ತದೆ.

ಗೋಡೆಯ ಹಿಂದೆ ಮಣ್ಣು ತುಂಬಬೇಡ, ಜಲ್ಲಿ ತುಂಬು. ತಳದ ವರಸೆಯಲ್ಲಿ ನಾಲ್ಕು ಕಡೆ ಪೈಪು ಬಿಡು. ಸಿಮೆಂಟು ಮುಟ್ಟಲೇಬೇಡ. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ದಾರಿ ಇರಬೇಕು. ಇದೊಂದು ಮರೆತರೆ ಉಳಿದದ್ದೆಲ್ಲ ನೆನಪಿಟ್ಟು ಪ್ರಯೋಜನವಿಲ್ಲ.

ಎನ್.ಆರ್. ಪುರಕ್ಕೆ ಹೋಗಿ ಮುಮ್ತಾಜಳನ್ನು ಕರಿ. ಇಪ್ಪತ್ತು ವರ್ಷ ನನಗೆ ಕಲ್ಲು ಎತ್ತಿಕೊಟ್ಟವಳು. ನನ್ನ ಸುತ್ತಿಗೆ ಅಟ್ಟದ ಮೇಲೆ ಗೋಣಿಯಲ್ಲಿದೆ. ಇದುವರೆಗೆ ಅದನ್ನು ಯಾರ ಕೈಗೂ ಕೊಟ್ಟಿಲ್ಲ.

ಇತಿ
ಮರುಳಸಿದ್ದಪ್ಪ, ಮೇಸ್ತ್ರಿ

ಮಗಾ, ನಿನ್ನ ಕಾಗದ ಓದಿ ಎರಡು ದಿನ ಚೀಟಿಯಲ್ಲೂ ಒಂದಕ್ಷರ ಬರೆಯಲಿಲ್ಲ. ನೀರು ಬೇಕು ಅಂತಲೂ ಬರೆಯಲಿಲ್ಲ. ಇದನ್ನು ಬರೆಯುವ ಮುಂಚೆ ನಾಲ್ಕು ಹಾಳೆ ಹರಿದು ಹಾಕಿದರು. ಅದರಲ್ಲಿ ಏನಿತ್ತೋ ನನಗೆ ತೋರಿಸಲಿಲ್ಲ. — ಅಮ್ಮ


ಸೀತೂರು
16 ಮಾರ್ಚ್ 2025

ಅಪ್ಪನವರಿಗೆ ಶರಣು.

ಕಾಗದ ತಡವಾಯಿತು. ಕೈ ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಸುತ್ತಿಗೆಗೆ ನಿಮ್ಮ ಕೈಯ ಅಚ್ಚು ಬಿದ್ದಿದೆ. ನನ್ನ ಕೈ ಅದರೊಳಗೆ ಓಡಾಡುತ್ತದೆ. ಬಟ್ಟೆ ಸುತ್ತಿಕೊಂಡು ಹಿಡಿಯುತ್ತೇನೆ.

ಪಾಯ ಎರಡೂಕಾಲು ಅಡಿಗೆ ಠಣ್ ಅಂದಿತು. ಆ ಶಬ್ದ ಕೇಳಿ ನಾನು ಮುಮ್ತಾಜಕ್ಕನನ್ನು ತಬ್ಬಿಕೊಂಡೆ, ಅವಳು “ಇಷ್ಟಕ್ಕೇ ಹೀಗೆ ಕುಣಿದ್ರೆ ಗೋಡೆ ಮುಗಿದ ದಿನ ಏನ್ ಮಾಡ್ತೀಯ?” ಅಂತ ನಕ್ಕಳು. ಐದು ಟ್ರ್ಯಾಕ್ಟರ್ ಕಾಡುಗಲ್ಲು ಹಾಕಿಸಿದ್ದೇನೆ. ಮೊದಲ ವಾರ ಕಲ್ಲನ್ನು ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡೆ. ಆಮೇಲೆ ಅವಳೇ ಹೇಳಿಕೊಟ್ಟಳು, ದೊಡ್ಡ ಕಲ್ಲನ್ನು ಎತ್ತಬಾರದು, ಒಂದು ಮೂಲೆ ಊರಿ ಇನ್ನೊಂದು ಮೂಲೆ ತಿರುಗಿಸುತ್ತ ನಡೆಸಿಕೊಂಡು ಬರಬೇಕು. “ಕೈಗೆ ಬಂದ ಕಲ್ಲಿಗೆ ಜಾಗ ಹುಡುಕ್ಬೇಕು ಮಾರಾಯ್ತಿ. ಜಾಗಕ್ಕೆ ಕಲ್ಲು ಹುಡುಕ್ತಾ ಹೋದ್ರೆ ಸಂಜೆ ಆಗ್ತದೆ” ಅನ್ನುತ್ತಾಳೆ. ಯಾವ ಕಲ್ಲು ಎಲ್ಲಿಗೆ ಕೂರುತ್ತದೆ ಅಂತ ಕೆಲವು ಸಲ ನಿಮಗಿಂತ ಮುಂಚೆ ತನಗೇ ಗೊತ್ತಾಗುತ್ತಿತ್ತಂತೆ. ಹೇಳಿದರೆ ಮೇಸ್ತ್ರಿಗೆ ಬೇಜಾರಾದೀತು ಅಂತ ಆ ಕಲ್ಲನ್ನೇ ನಿಮ್ಮ ಕೈಗೆ ಹತ್ತಿರ ಇಡುತ್ತಿದ್ದಳಂತೆ. ಇದನ್ನು ನಿಮಗೆ ಬರೆಯಬೇಡ ಅಂದಿದ್ದಾಳೆ.

ರಂಜಾನ್ ಉಪವಾಸ ಶುರುವಾದ ಮೇಲೆ ಬೆಳಿಗ್ಗೆ ಮಾತ್ರ ಕೆಲಸ. ರಜೆ ಮಾಡು ಅಂದರೆ ಉಪವಾಸ ಹೊಟ್ಟೆಗೆ, ಕೈಗಲ್ಲ ಅನ್ನುತ್ತಾಳೆ. ಅವಳು ಗುಟುಕು ನೀರು ಕುಡಿಯದೆ ಕಲ್ಲು ನಡೆಸುವಾಗ ನಾನು ಚೊಂಬು ಎತ್ತುವುದು ಹೇಗೆ? ಕಳ್ಳಿಯ ಹಾಗೆ ಅಡುಗೆಮನೆಗೆ ಹೋಗಿ ಕುಡಿದು ಬರುತ್ತೇನೆ.

ನಾಲ್ಕು ವರಸೆ ಮುಗಿದು ಎರಡೂವರೆ ಅಡಿ ಎದ್ದಿದೆ. ಬ್ಲೌಸ್ ಕೇಳಲು ಬಂದವರೆಲ್ಲ ಹಿತ್ತಲಿಗೆ ಬಂದು ನೋಡಿ, ಬ್ಲೌಸ್ ಮಾತೇ ಮರೆತು ಹೋಗುತ್ತಾರೆ. ಅಪ್ಪ, ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ ಹೋಗಿ ನೋಡಿಕೊಂಡು ಬರುತ್ತೇನೆ. ಎಲ್ಲೂ ಹೋಗಿರುವುದಿಲ್ಲ, ಅಲ್ಲೇ ಇರುತ್ತದೆ. ಆದರೂ ನೋಡಬೇಕು ಅನ್ನಿಸುತ್ತದೆ. ನಿಮಗೂ ಹಾಗೆ ಆಗುತ್ತಿತ್ತೇ?

ಶ್ವೇತ


ಶಿವಮೊಗ್ಗ
21 ಮಾರ್ಚ್ 2025

ಚಿ. ಶ್ವೇತಳಿಗೆ ಆಶೀರ್ವಾದ.

ಈಗಲೂ ಆಗುತ್ತದೆ.

ಕರೆಂಟು ಮುಗಿಯಿತು. ಸಂಜೆ ಹೊತ್ತು ಸರ್ವಮಂಗಳಳ ಬೀದಿಯಲ್ಲಿ ನಡೆಯುತ್ತೇನೆ. ಎದುರು ಮನೆಯ ಕಾಂಪೌಂಡಿನಲ್ಲಿ ಸಂದಿಯ ಮೇಲೆ ಸಂದಿ, ಮೂರು ಕಡೆ. ಚೀಟಿ ಬರೆದು ಅವರ ಗೇಟಿಗೆ ಸಿಕ್ಕಿಸಲು ಹೋದೆ, ನಿಮ್ಮಮ್ಮ ಬಿಡಲಿಲ್ಲ.

ಮುಮ್ತಾಜಳ ವಿಷಯ ನನಗೆ ಗೊತ್ತಿತ್ತು.

ಇತಿ
ಮರುಳಸಿದ್ದಪ್ಪ, ಮೇಸ್ತ್ರಿ


ಸೀತೂರು
20 ಏಪ್ರಿಲ್ 2025

ಅಪ್ಪನವರಿಗೆ ಶರಣು.

ಮುಗಿಯಿತು!

ಮೂವತ್ತೆರಡು ಅಡಿ ಉದ್ದ, ಐದಡಿ ಎತ್ತರ. ಮೇಲೆ ಚಪ್ಪಡಿ ಸಾಲು. ಇವರ ಹತ್ತಿರ ದಾರ ಹಿಡಿಸಿ ನೋಡಿದೆ, ಈ ತುದಿಯಿಂದ ಆ ತುದಿಗೆ ಅರ್ಧ ಇಂಚು ಹೆಚ್ಚುಕಡಿಮೆಯಿಲ್ಲ. ಹುಚ್ಚು ಅಂದಿದ್ದ ಇವರೇ ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡವರಿಗೆಲ್ಲ ಹೇಳಿದರು. ಫೋಟೋ ಕಳಿಸುವುದಿಲ್ಲ, ನೀವು ಬಂದೇ ನೋಡಬೇಕು. ಅಮ್ಮನ ಗೆಡ್ಡೆಗಳನ್ನು ಮೇ ತಿಂಗಳಲ್ಲಿ ನೆಡುತ್ತೇನೆ.

ಶ್ವೇತ

(ಒಳಗೆ ಮಡಚಿಟ್ಟ ಚೀಟಿ, ಅಮ್ಮನಿಗೆ ಮಾತ್ರ)

ಅಮ್ಮಾ, ಅಪ್ಪನಿಗೆ ಇದನ್ನು ಹೇಳಬೇಡ. ಮೊನ್ನೆ ಒಂದು ಪೈಪಿನ ಬಾಯಲ್ಲಿ ಹಾವಿನ ಪೊರೆ ಸಿಕ್ಕಿಕೊಂಡಿತ್ತು. ಪಕ್ಕದ ಮನೆ ಸುಮಿತ್ರಮ್ಮ ನೋಡಿ, ನಾಗರದ್ದೇ ಅಂದರು. “ಅದೇನಾದ್ರೂ ಒಳಗೆ ಸೇರಿಕೊಂಡ್ರೆ ಆಮೇಲೆ ಆ ಗೋಡೆ ನಿಮ್ಮದಲ್ಲ ಕಣೇ, ಅದರದ್ದು. ಒಂದು ಕಲ್ಲು ಮುಟ್ಟೋ ಹಾಗಿಲ್ಲ” ಅಂದರು. ನೀನು ಬಸಳೆ ಕೊಯ್ಯಲು ಕೈ ಹಾಕುವ ಜಾಗ ಅದು. ನನಗೆ ಧೈರ್ಯ ಸಾಲಲಿಲ್ಲ. ನಾಲ್ಕೂ ಪೈಪಿಗೆ ಸಿಮೆಂಟು ಮೆತ್ತಿ, ಮುಂಭಾಗದ ಸಂದಿಗಳಿಗೆಲ್ಲ ಗಾರೆ ತುಂಬಿ ಗೆರೆ ಎಳೆದೆ. ಮೇಸ್ತ್ರಿ ಬೇಡ ಅಂದಿದ್ದಾರೆ ಅಂತ ಮುಮ್ತಾಜಕ್ಕ ಮುನಿಸಿಕೊಂಡು ಅವತ್ತು ಬೇಗ ಮನೆಗೆ ಹೋದಳು. ಆದರೆ ನೋಡಲು ಈಗ ಎಷ್ಟು ಚಂದ ಆಗಿದೆ ಗೊತ್ತಾ!


ಸೀತೂರು
8 ಮೇ 2025

ಅಪ್ಪ,

ಗೋಡೆಗೆ ಹೊಟ್ಟೆ ಬಂದಿದೆ.

ಒಂದು ವಾರದಿಂದ ದಿನಾ ಸಂಜೆ ಮಳೆ. ಇವತ್ತು ಬೆಳಿಗ್ಗೆ ದಾರ ಹಿಡಿದರೆ ನಡುವಿನ ಹತ್ತು ಅಡಿ ಮೂರು ಇಂಚು ಮುಂದಕ್ಕೆ ಉಬ್ಬಿದೆ. ಮೇಲಿನ ಚಪ್ಪಡಿಯ ಕೆಳಗಿನಿಂದ ಕೆಸರು ನೀರು ಒಸರುತ್ತಿದೆ.

ತಪ್ಪು ನನ್ನದು. ಹಾವಿನ ಹೆದರಿಕೆಗೆ ಪೈಪುಗಳನ್ನು ಮುಚ್ಚಿದೆ, ಸಂದಿಗೆಲ್ಲ ಸಿಮೆಂಟು ತುಂಬಿದೆ. ನೀವು ಬರೆದದ್ದರಲ್ಲಿ ಯಾವುದನ್ನು ಮರೆಯಬಾರದು ಅಂದಿದ್ದಿರೋ ಅದನ್ನೇ ಮಾಡಿದೆ. ಮರೆತು ಮಾಡಿದ್ದಲ್ಲ, ಗೊತ್ತಿದ್ದೂ ಮಾಡಿದೆ. ಅಮ್ಮನನ್ನು ಬೈಯಬೇಡಿ, ಚೀಟಿ ಬರೆದು ಬಾಯಿ ಮುಚ್ಚಿಸಿದವಳು ನಾನು.

ಯೋಗೇಂದ್ರನಿಗೆ ಸುದ್ದಿ ಮುಟ್ಟಿರುತ್ತದೆ, ನಗುತ್ತಿರುತ್ತಾನೆ. ನಗಲಿ. ನೀವು ಮಾತ್ರ ನಗಬೇಡಿ. ಮಳೆಗಾಲಕ್ಕೆ ಇನ್ನು ಮೂರು ವಾರವೂ ಇಲ್ಲ. ಏನು ಮಾಡಲಿ?

ಶ್ವೇತ


ಶಿವಮೊಗ್ಗ
9 ಮೇ 2025

ಚಿ. ಶ್ವೇತಳಿಗೆ ಆಶೀರ್ವಾದ.

ಇದನ್ನು ಇವತ್ತೇ ತಲುಪಿಸಬೇಕು ಅಂತ ಅಳಿಯ ಕಾಂತೇಶನಿಗೆ ಬರೆದು ತೋರಿಸಿದ್ದೇನೆ.

ಮೊದಲು ನಾಲ್ಕು ಪೈಪು ಬಿಡಿಸು. ಗೋಡೆಯ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ನಿಂತು ಹಾರೆಯಿಂದ ಚುಚ್ಚು. ನೀರು ಜೋರಾಗಿ ಬರುತ್ತದೆ, ಹೆದರಬೇಡ. ಎರಡು ದಿನ ಬಸಿಯಲಿ. ಆಮೇಲೆ ಹೊಟ್ಟೆ ಬಂದ ಹತ್ತು ಅಡಿ, ಅದರ ಆಚೆ ಈಚೆ ಎರಡೆರಡು ಅಡಿ, ಮೇಲಿನಿಂದ ಕೆಳಕ್ಕೆ ಬಿಚ್ಚು. ಉಳಿದ ಕಡೆ ಸಂದಿಯ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆ.

ನನ್ನ ಕುತ್ತಿಗೆಯಲ್ಲಿ ಡಾಕ್ಟರು ಒಂದು ತೂತು ಬಿಟ್ಟಿದ್ದಾರೆ. ಉಸಿರು ಅದರಲ್ಲೇ. ಹೋದ ತಿಂಗಳು ಒಂದು ಮಧ್ಯಾಹ್ನ ಕಫ ಕಟ್ಟಿ ಅದು ಮುಚ್ಚಿಕೊಂಡಿತು. ಸರ್ವಮಂಗಳ ಓಡಿ ಬಂದು ತೆಗೆಯುವಷ್ಟರಲ್ಲಿ ಒಳಗೆ ಏನಾಗುತ್ತದೆ ಅಂತ ನನಗೆ ತಿಳಿಯಿತು. ನಿನಗೆ ಹೇಳಬೇಡಿ ಅಂತ ನಿಮ್ಮಮ್ಮನಿಗೂ ಸರ್ವಮಂಗಳಳಿಗೂ ಬರೆದು ತೋರಿಸಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನಿನ್ನ ಗೋಡೆಗೆ ಆಗಿರುವುದು ಅದೇ.

ಹಾವಿನ ವಿಷಯ. ಸಂದಿಗೆಲ್ಲ ಚಕ್ಕೆ ಬಿಗಿಯಾಗಿ ಹೊಡಿ. ನಿನ್ನ ಕಿರುಬೆರಳು ತೂರದಿದ್ದರೆ ಸಾಕು. ನೀರಿಗೆ ಎಳೆಯಷ್ಟು ದಾರಿಯಿದ್ದರೂ ಹೋಗುತ್ತದೆ. ಪೈಪಿನ ಬಾಯಿಗೆ ಏನು ಮಾಡುವುದು ಅಂತ ನನಗೂ ಗೊತ್ತಿಲ್ಲ. ನಾವು ಹಾಗೇ ಬಿಡುತ್ತಿದ್ದೆವು. ನೀನೇ ಯೋಚಿಸು.

ನಾನೂ ಬಿಚ್ಚಿದ್ದೇನೆ. ಶೃಂಗೇರಿ ದಾರಿಯಲ್ಲಿ, ನಾನು ಸ್ವಂತಕ್ಕೆ ಒಪ್ಪಿಕೊಂಡ ಮೂರನೆಯ ಗೋಡೆ. ಈ ಮಾತು ನಿಮ್ಮಮ್ಮನಿಗೂ ಗೊತ್ತಿಲ್ಲ.

ಬಿಚ್ಚುವಾಗ ಒಂದೊಂದೇ ಕಲ್ಲನ್ನು ಕೈಯಿಂದ ತೆಗೆ. ಒಬ್ಬರು ಕಟ್ಟಿದ್ದನ್ನು ಕಾಲಿನಲ್ಲಿ ತಳ್ಳಬಾರದು. ತಳ್ಳಿದವರದ್ದು ತಪ್ಪು.

ಇತಿ
ಮರುಳಸಿದ್ದಪ್ಪ


ಸೀತೂರು
31 ಮೇ 2025

ಅಪ್ಪನವರಿಗೆ ಶರಣು.

ನಿಮ್ಮ ಕಾಗದದ ಕೊನೆಯ ಎರಡು ಸಾಲನ್ನು ಎಷ್ಟು ಸಲ ಓದಿದೆ ಅಂತ ಹೇಳುವುದಿಲ್ಲ. ಅತ್ತೆ ಅಂತ ಮಾತ್ರ ಹೇಳುತ್ತೇನೆ. ಆಮೇಲೆ ಎದ್ದು ಹಾರೆ ತೆಗೆದುಕೊಂಡೆ.

ಮೊದಲ ಪೈಪು ಬಿಟ್ಟುಕೊಂಡಾಗ ನೀರು ಎದುರಿನ ಬಚ್ಚಲ ಗೋಡೆಗೆ ಹೋಗಿ ಬಡಿಯಿತು. ಮುಮ್ತಾಜಕ್ಕ ನೆಂದು ತೊಪ್ಪೆಯಾದಳು. ನಾನು ಹೇಳಿ ಕಳಿಸಿರಲಿಲ್ಲ, ಸುದ್ದಿ ಕೇಳಿ ಬೆಳಿಗ್ಗೆ ಬಸ್ಸಿಗೇ ಬಂದಿದ್ದಳು. “ನಾ ಅವತ್ತೇ ಹೇಳಿದ್ದೆ” ಅಂತ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು, ಜಗಳವಾಡಿ ಹಗುರಾಗುತ್ತಿದ್ದೆ.

ಬಿಚ್ಚುವುದಕ್ಕೆ ಐದು ದಿನ, ಕಟ್ಟುವುದಕ್ಕೆ ಹನ್ನೊಂದು ದಿನ. ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕಟ್ಟಿದೆವು. ಬಿಚ್ಚುವಾಗ ಒಂದು ವಿಷಯ ತಿಳಿಯಿತು. ಮಾರ್ಚಿನಲ್ಲಿ ನಾನಿಟ್ಟ ಕಲ್ಲುಗಳಲ್ಲಿ ಎಷ್ಟೋ ಸುಮ್ಮನೆ ಒಂದರ ಮೇಲೊಂದು ಕೂತಿದ್ದವು, ಹಿಡಿದುಕೊಂಡಿರಲಿಲ್ಲ. ಸಿಮೆಂಟು ಹಾಕದೇ ಇದ್ದರೂ ಆ ಗೋಡೆ ಎರಡು ವರ್ಷದ ಮೇಲೆ ನಿಲ್ಲುತ್ತಿರಲಿಲ್ಲ. ಈಗಿನದ್ದು ಹಾಗಲ್ಲ. ಈಗಿನದ್ದನ್ನು ನನ್ನ ಬಾಯಿಂದ ನಾನೇ ಹೊಗಳುತ್ತೇನೆ, ಬೇರೆಯವರು ಹೊಗಳುವವರೆಗೆ ಕಾಯಲು ನನಗೆ ತಾಳ್ಮೆಯಿಲ್ಲ.

ಪೈಪಿನ ಬಾಯಿಗೆ ಉಪಾಯ ಸಿಕ್ಕಿತು. ಕೋಳಿಗೂಡಿಗೆ ತಂದ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ದುಂಡಗೆ ಕತ್ತರಿಸಿ, ಸುತ್ತ ನೆರಿಗೆ ಹಿಡಿದು, ತಾಮ್ರದ ತಂತಿಯಿಂದ ಹೊಲಿದು ನಾಲ್ಕು ಟೊಪ್ಪಿ ಮಾಡಿದೆ. ಪೈಪಿಗೆ ಬಿಗಿಯಾಗಿ ಕೂರುತ್ತದೆ. ಕಸ ಕಟ್ಟಿದರೆ ತೆಗೆದು ತೊಳೆದು ಮತ್ತೆ ಹಾಕಬಹುದು. ನೀರು ಹೋಗುತ್ತದೆ, ಹಾವು ಬರುವುದಿಲ್ಲ. ಸುಮಿತ್ರಮ್ಮ ಬಂದು, ಬಗ್ಗಿ ನೋಡಿ, ತಮ್ಮ ಬಚ್ಚಲಿಗೂ ಎರಡು ಬೇಕು ಅಂದರು.

ಇನ್ನೊಂದು ಮಾತು. ನಾನು ಗೋಡೆಗೆ ಒರಗಿಲ್ಲ. ಮುಮ್ತಾಜಕ್ಕನಿಗೂ ಒರಗಲು ಬಿಟ್ಟಿಲ್ಲ, “ಬೆನ್ನು ಬಿದ್ದು ಹೋಗ್ತಿದೆ, ಎಂತ ಹಟ ನಿಂದು” ಅಂತ ಬೈದಳು. ಮೊದಲ ಬೆನ್ನು ನಿಮಗೆ ಬಿಟ್ಟಿದ್ದೇನೆ. ಕೊಡುತ್ತೀರೋ ಇಲ್ಲವೋ ನಿಮಗೆ ಸೇರಿದ್ದು.

ಶ್ವೇತ


ಶಿವಮೊಗ್ಗ
5 ಜೂನ್ 2025

ಚಿ. ಶ್ವೇತಳಿಗೆ ಆಶೀರ್ವಾದ.

ಜಾಲರಿಯ ಟೊಪ್ಪಿ ನಲವತ್ತು ವರ್ಷ ನನಗೆ ಹೊಳೆಯಲಿಲ್ಲ.

ಕಟ್ಟಿದವರು ಒರಗದ ಗೋಡೆ ಮುಗಿದ ಹಾಗಲ್ಲ. ನನಗಾಗಿ ಕಾಯಬೇಡ. ಹೋಗಿ ಬೆಲ್ಲ ಕಚ್ಚಿಕೊಂಡು ಕೂರು. ಉಳಿದದ್ದು ಮಳೆ ಹೇಳುತ್ತದೆ.

ಇತಿ
ಮರುಳಸಿದ್ದಪ್ಪ, ಮೇಸ್ತ್ರಿ


ಸೀತೂರು
3 ಆಗಸ್ಟ್ 2025

ಅಪ್ಪನವರಿಗೆ ಶರಣು.

ಮಳೆ ಹೇಳಿತು.

ಹೋದ ವಾರ ಆರು ದಿನ ಬಿಡದೆ ಹೊಯ್ದು ರಸ್ತೆಯ ಕಡೆ ಮೂರು ಮನೆಯ ಧರೆ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಮ್ಮ ಗೋಡೆಯ ನಾಲ್ಕು ಪೈಪೂ ಹಗಲು ರಾತ್ರಿ ಸುರಿದವು. ನಿನ್ನೆ ಮಳೆ ನಿಂತು ಹೊಳವಾದ ಕೂಡಲೇ ದಾರ ಹಿಡಿದೆ. ಎಲ್ಲಿತ್ತೋ ಅಲ್ಲೇ ಇದೆ. ಕೂದಲೆಳೆಯಷ್ಟೂ ಮುಂದಕ್ಕೆ ಬಂದಿಲ್ಲ.

ಮೇಲೆ ಅಮ್ಮನ ಡೇರೆ ಬಿಟ್ಟಿದೆ. ಕೆಂಪು, ಬಿಳಿ, ಆ ಅಂಚು ಹಳದಿಯದ್ದು, ಒಂದೊಂದು ತಟ್ಟೆಯಗಲ.

ಯೋಗೇಂದ್ರ ಬಂದಿದ್ದ, ಕರೆಯದೇ. ಈ ಸಲ ತಲೆ ಬಾಚಿಕೊಳ್ಳಲಿಲ್ಲ. ಈ ತುದಿಯಿಂದ ಆ ತುದಿಗೆ ನಡೆದ, ಸಂದಿಗೆ ಬೆರಳು ತೂರಿಸಿ ನೋಡಿದ, ತೂರಲಿಲ್ಲ. “ಮೇಸ್ತ್ರಿ ಕೈಯದ್ದೇ ಇದ್ದಂಗೆ ಕಾಣ್ತದೆ” ಅಂದ. ಅಲ್ಲ, ನನ್ನ ಕೈಯದ್ದು ಅಂದೆ. ಆಮೇಲೆ ಕಾಫಿ ಕುಡಿಯುತ್ತ ಹೇಳಿದ: ಹಿರೇಕೊಡಿಗೆಯ ಮಾಲತಿ ಅನ್ನುವವರು ಮನೆ ಹಿಂದೆ ಹೂವಿನ ಸಸಿಯ ನರ್ಸರಿ ಮಾಡಿದ್ದಾರೆ, ಅಲ್ಲೂ ಇಂಥದ್ದೇ ಧರೆ, ಕಾಂಕ್ರೀಟ್ ಬೇಡ, ಕಲ್ಲಿನದ್ದೇ ಬೇಕು ಅನ್ನುತ್ತಿದ್ದಾರೆ, ನಿನ್ನ ಹೆಸರು ಹೇಳಲೇ ಅಂತ.

ಮುಮ್ತಾಜಕ್ಕ ಆಗಲೇ ಹಾರೆಗೆ ಎಣ್ಣೆ ಒರೆಸಿ ಇಟ್ಟಿದ್ದಾಳೆ. ನನಗೆ ಮಾತ್ರ ಒಂದೇ ಯೋಚನೆ. ಸ್ವಂತ ಹಿತ್ತಲಿನಲ್ಲಿ ತಪ್ಪಿದರೆ ಬಿಚ್ಚಿ ಕಟ್ಟಬಹುದು, ಇನ್ನೊಬ್ಬರ ಮನೆಯಲ್ಲಿ? ಆದರೂ ಹೂಂ ಅಂದುಬಿಟ್ಟೆ. ಮಳೆ ಹಿಂದಾದ ಮೇಲೆ ಶುರು. ಸೋಮವಾರ ಹೋದರೆ ಶನಿವಾರ ಬರುವುದು, ಅಲ್ಲಿಯವರೆಗೆ ಅವರ ಮನೆಯಲ್ಲೇ ಇರುವುದು.

ಹಿತ್ತಲ ಗೋಡೆಗೆ ಇನ್ನೂ ಯಾರೂ ಒರಗಿಲ್ಲ. ನೀವು ಏನು ಬರೆದರೂ ಅಷ್ಟೇ.

ಶ್ವೇತ


ಸೀತೂರು
8 ಅಕ್ಟೋಬರ್ 2025

ಶ್ವೇತ ಮೇಸ್ತ್ರಿಗೆ,

ಸೋಮವಾರ ಕಾಂತೇಶನ ಬಸ್ಸಿನಲ್ಲಿ ನಿಮ್ಮಮ್ಮನೂ ನಾನೂ ಊರಿಗೆ ಬಂದೆವು. ನೀನು ಹಿರೇಕೊಡಿಗೆಯಲ್ಲಿ ಕೆಲಸದ ಮೇಲಿರುತ್ತೀಯ ಅಂತ ಗೊತ್ತಿದ್ದೇ ಬಂದೆ. ನೀನು ಪಕ್ಕದಲ್ಲಿ ನನ್ನ ಮುಖ ನೋಡುತ್ತ ನಿಂತಿದ್ದರೆ ನನಗೆ ಗೋಡೆಯನ್ನು ಸರಿಯಾಗಿ ನೋಡಲು ಆಗುತ್ತಿರಲಿಲ್ಲ. ಈ ಕಾಗದವನ್ನು ಕಾಂತೇಶ ಕೊಪ್ಪದ ಬಸ್ಸಿನವರ ಕೈಗೆ ಕೊಡುತ್ತಾನೆ.

ಎರಡು ದಿನ ನೋಡಿದೆ. ದಾರ ಹಿಡಿದು ನೋಡಿದೆ, ಸುತ್ತಿಗೆಯಿಂದ ತಟ್ಟಿ ಕೇಳಿದೆ, ಪೈಪಿನ ಟೊಪ್ಪಿ ತೆಗೆದು ಒಳಗೆ ಟಾರ್ಚು ಬಿಟ್ಟು ನೋಡಿದೆ. ಎಡಗಡೆಯಿಂದ ಒಂಬತ್ತನೇ ಅಡಿಯಲ್ಲಿ ಸಂದಿಯ ಮೇಲೆ ಸಂದಿ ಒಂದಿದೆ. ಅದು ನಿನಗೂ ಗೊತ್ತು, ಅದಕ್ಕೇ ಅಲ್ಲಿಗೆ ಬಸಳೆ ಬಳ್ಳಿ ಹಬ್ಬಿಸಿದ್ದೀಯ. ಬಲತುದಿಯ ಚಪ್ಪಡಿ ಅರ್ಧ ಇಂಚು ಗಿಡ್ಡ. ಇವೆರಡು ಬಿಟ್ಟರೆ ನನಗೆ ಬೇರೆ ಸಿಗಲಿಲ್ಲ. ಹುಡುಕದೇ ಬಿಟ್ಟದ್ದಲ್ಲ, ಚೆನ್ನಾಗಿ ಹುಡುಕಿದೆ.

ಕೊಪ್ಪದಲ್ಲಿ ನೀನು ಇಟ್ಟ ಮೂರು ವರಸೆ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಒಂದರ ಮೇಲೆ ಎರಡು, ಎರಡರ ಮೇಲೆ ಒಂದು. ಯಾರೂ ಹೇಳಿಕೊಟ್ಟಿರಲಿಲ್ಲ, ನೀನೇ ನೋಡಿ ಕಲಿತಿದ್ದೆ. ಸರಿಯಾಗಿಯೇ ಇತ್ತು. ಯೋಗೇಂದ್ರ ಒಂದು ವರ್ಷ ಕಲಿತರೂ ಹಾಗೆ ಇಡುತ್ತಿರಲಿಲ್ಲ. ಈ ಕೆಲಸ ನಿನಗೆ ಹಿಡಿಯಿತು ಅಂದರೆ ಬಿಸಿಲಲ್ಲಿ ಗಂಡಾಳುಗಳ ನಡುವೆ ಜೀವನ ಕಳೆಯುತ್ತೀಯ ಅಂತ ನನಗೆ ಹೆದರಿಕೆಯಾಯಿತು. ಹೆದರಿಕೆಯನ್ನು ಹೇಳಲು ಬರಲಿಲ್ಲ, ಕಾಲು ಮುಂದೆ ಹೋಯಿತು. ದನಿ ಇದ್ದಾಗ ಇಪ್ಪತ್ತೈದು ವರ್ಷ ಇದನ್ನು ಹೇಳಲಿಲ್ಲ. ಫೆಬ್ರವರಿಯಲ್ಲಿ ಹರಿದು ಹಾಕಿದ ನಾಲ್ಕು ಹಾಳೆಯಲ್ಲಿ ಇದೇ ಇತ್ತು.

ಕಟ್ಟಿದವರೇ ಮೊದಲು ಒರಗಬೇಕು ಅನ್ನುವುದು ರೂಢಿ. ನೀನು ಹಟಮಾರಿ, ಒರಗಲಿಲ್ಲ. ಇವತ್ತು ಮಧ್ಯಾಹ್ನ ಊಟವಾದ ಮೇಲೆ ನಿಮ್ಮಮ್ಮನಿಗೆ ಬೆಲ್ಲ ಮತ್ತು ಕಪ್ಪು ಕಾಫಿ ಬೇಕು ಅಂತ ಚೀಟಿ ಬರೆದು ಕೊಟ್ಟೆ. ಅವಳು ಚೀಟಿ ಓದಿ ಒಳಗೆ ಹೋದಳು.

ಹುಡುಗಿ ಕಟ್ಟಿದ ಗೋಡೆಗೆ ಯಾರು ಬೆನ್ನು ಕೊಡ್ತಾರೆ ಅಂತ ಕೇಳಿದ್ದೆನಲ್ಲ. ನಾನು ಕೊಟ್ಟಿದ್ದೇನೆ. ಈ ಕಾಗದ ಬರೆಯುತ್ತಿರುವುದು ಒರಗಿಕೊಂಡೇ. ಬೆನ್ನಿಗೆ ಹಿತವಾಗಿದೆ. ಅರ್ಧ ಬೆಲ್ಲ ನಿನಗೆ ಎತ್ತಿಟ್ಟಿದ್ದೇನೆ. ಶನಿವಾರ ಮುಮ್ತಾಜಳನ್ನೂ ಕರೆದುಕೊಂಡು ಬಾ, ನನ್ನ ಎರಡು ಕಡೆಯೂ ಜಾಗ ಇದೆ.

ನಿನ್ನ ಅಪ್ಪ

ಮಗಾ, ಮೂರು ಗಂಟೆ ಆಯಿತು, ಇನ್ನೂ ಎದ್ದಿಲ್ಲ. ಈ ಮನುಷ್ಯ ಎಲ್ಲಾದರೂ ಒರಗಿ ಕೂತದ್ದನ್ನು ಇಷ್ಟು ಹೊತ್ತು ನಾನು ನೋಡಿಯೇ ಇಲ್ಲ. ಎರಡನೇ ಸಲ ಕಾಫಿ ಕೇಳಿದ್ದಾರೆ. — ಅಮ್ಮ